ಮೇಲಿನ ಮನೆಯ ನೀರು, ಹಿಂದಿನ ಮನೆಯ ಬಿಸಿಲು

ಶಾಲೆಗೆ ರಜೆ ಎಂದರೆ ಯಾವ ಮಕ್ಕಳಿಗೆ ತಾನೇ ಖುಷಿಯಿಲ್ಲ? ಮಳೆ ಜೋರಾದರೆ ರಜೆ, ಚುನಾವಣೆ ಬಂದರೆ ರಜೆ, ಗುಡ್ಡಗಾಡಿನ ಊರುಗಳಲ್ಲಾದರೆ ಹಿಮ ಬಿದ್ದರೂ ರಜೆ. ಆದರೆ 2018ರ ಜೂನ್ ತಿಂಗಳ ಮೊದಲ ವಾರದಲ್ಲಿ ಹಿಮಾಚಲ ಪ್ರದೇಶದ ರಾಜಧಾನಿ ಶಿಮ್ಲಾದ ಸರ್ಕಾರಿ ಶಾಲೆಗಳಿಗೆ ಸಿಕ್ಕಿದ ರಜೆಯ ಕಾರಣವೇ ಬೇರೆ. ಊರಿನಲ್ಲಿ ನೀರಿರಲಿಲ್ಲ!

ದಿನಕ್ಕೆ ಸುಮಾರು ನಾಲ್ಕೂವರೆ ಕೋಟಿ ಲೀಟರ್ ನೀರು ಬೇಕಿದ್ದ ಊರಿಗೆ ಆ ದಿನಗಳಲ್ಲಿ ಅದರ ಅರ್ಧದಷ್ಟೂ ಬರುತ್ತಿರಲಿಲ್ಲ. ಜನರು ಬಕೆಟ್ಟು, ಕೊಡ, ಕ್ಯಾನುಗಳನ್ನು ಸಾಲಾಗಿ ಇಟ್ಟು ರಾತ್ರಿಯೆಲ್ಲ ಟ್ಯಾಂಕರಿಗೆ ಕಾದರು. ವರ್ಷ ವರ್ಷ ನಡೆಯುವ ಬೇಸಿಗೆ ಉತ್ಸವ ಮುಂದಕ್ಕೆ ಹೋಯಿತು. ಹೈಕೋರ್ಟು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡು, ಒಂದು ವಾರ ಕಟ್ಟಡ ಕೆಲಸ ಮಾಡಬಾರದು, ಕಾರು ತೊಳೆಯಬಾರದು ಎಂದು ಆದೇಶಿಸಿತು.

ಇದರಲ್ಲಿ ಒಂದು ವಿಚಿತ್ರವಿದೆ. ಶಿಮ್ಲಾ ಮರುಭೂಮಿಯ ಊರಲ್ಲ. ಅಲ್ಲಿ ವರ್ಷಕ್ಕೆ ಸುಮಾರು 1,500 ಮಿಲಿಮೀಟರ್ ಮಳೆಯಾಗುತ್ತದೆ. ನಮ್ಮ ಬೆಂಗಳೂರಿಗೆ ಬೀಳುವ ಮಳೆಗಿಂತ ಇದು ಹೆಚ್ಚು. ಚಳಿಗಾಲದಲ್ಲಿ ಹಿಮವೂ ಬೀಳುತ್ತದೆ. ಹಾಗಿದ್ದೂ ಅಲ್ಲಿನ ಮಕ್ಕಳು ನೀರಿಲ್ಲದೆ ಶಾಲೆ ಬಿಡಬೇಕಾಯಿತು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಆ ವರ್ಷ ಚಳಿಗಾಲದಲ್ಲಿ ಮಳೆ, ಹಿಮ ಎರಡೂ ಕಡಿಮೆಯಾಗಿದ್ದವು. ಕೊಳವೆಗಳು ಸೋರುತ್ತಿದ್ದವು. ಇವು ಎದ್ದು ಕಾಣುವ ಕಾರಣಗಳು. ಇವುಗಳ ಹಿಂದೆ ಇನ್ನೊಂದು ಕಾರಣವಿದೆ. ಬೆಟ್ಟದ ಊರಿನಲ್ಲಿ ಮನೆ ಕಟ್ಟುವ ರೀತಿಗೂ ಅಲ್ಲಿನ ನೀರು, ವಿದ್ಯುತ್ತಿಗೂ ಬಿಡಿಸಲಾಗದ ನಂಟು. ಅಲ್ಲಿ ಕಟ್ಟಡ ನಿಯಮ ಎಂಬುದು ಬರಿಯ ಕಾಗದದ ಕಿರಿಕಿರಿಯಲ್ಲ. ಅದು ಮೇಲಿನ ಮನೆಯವನಿಗೂ ಕೆಳಗಿನ ಮನೆಯವನಿಗೂ, ಮುಂದಿನ ಮನೆಗೂ ಹಿಂದಿನ ಮನೆಗೂ ನಡುವೆ ಇರುವ ಒಪ್ಪಂದ. ಅದು ಹೇಗೆಂದು ತಿಳಿಯಲು ಹೈಸ್ಕೂಲಿನ ಭೌತಶಾಸ್ತ್ರ ಮತ್ತು ತ್ರಿಕೋನಮಿತಿ ಸಾಕು.

ನೀರೆಂದರೆ ವಿದ್ಯುತ್ತು

ಶಿಮ್ಲಾ ಇರುವುದು ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದ ಏಣಿನ ಮೇಲೆ. 1864ರಲ್ಲಿ ಬ್ರಿಟಿಷರು ಅದನ್ನು ತಮ್ಮ ಬೇಸಿಗೆ ರಾಜಧಾನಿ ಮಾಡಿಕೊಂಡರು. ಆಗ ಊರು ಚಿಕ್ಕದು. ಹತ್ತಿರದ ಸಿಯೋಗ್ ಕಾಡಿನ ಒರತೆಗಳ ನೀರು ಇಳಿಜಾರಿನಲ್ಲಿ ತಾನಾಗಿಯೇ ಹರಿದು ಬರುತ್ತಿತ್ತು. ಆ ಕಾಡನ್ನು ನೀರಿಗಾಗಿಯೇ ಕಾಯ್ದಿಟ್ಟಿದ್ದರು. ಇಂದು ಪ್ರವಾಸಿಗಳು ಐಸ್‌ಕ್ರೀಂ ತಿನ್ನುತ್ತಾ ಅಡ್ಡಾಡುವ ರಿಡ್ಜ್ ಮೈದಾನದ ಅಡಿಯಲ್ಲಿ ಆ ಕಾಲದ ದೊಡ್ಡ ನೀರಿನ ತೊಟ್ಟಿಯೊಂದು ಈಗಲೂ ಇದೆ. ಫೋಟೋ ತೆಗೆಸಿಕೊಳ್ಳುವ ಬಹಳ ಜನಕ್ಕೆ ತಮ್ಮ ಕಾಲ ಕೆಳಗೆ ನೀರಿರುವುದು ತಿಳಿದಿರುವುದಿಲ್ಲ.

ಊರು ಬೆಳೆಯಿತು. 2011ರ ಜನಗಣತಿಯ ಹೊತ್ತಿಗೆ ನಗರದ ಜನಸಂಖ್ಯೆ ಸುಮಾರು 1 ಲಕ್ಷದ 70 ಸಾವಿರ. ಬೇಸಿಗೆಯಲ್ಲಿ ಬರುವ ಪ್ರವಾಸಿಗಳ ಲೆಕ್ಕ ಬೇರೆ. ಒರತೆಯ ನೀರು ಸಾಲದೆ ಕಣಿವೆಯ ತಳದಲ್ಲಿರುವ ಹೊಳೆಗಳಿಗೆ ಪಂಪು ಇಡಬೇಕಾಯಿತು. ಗುಮ್ಮಾ, ಗಿರಿ ಮುಂತಾದ ಯೋಜನೆಗಳ ನೀರು ಹೀಗೆ ಆಳದಿಂದ ಹಂತ ಹಂತವಾಗಿ ಮೇಲೇರಿ ಬರುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಒಂದು ಸಾವಿರ ಲೀಟರ್ ನೀರಿನ ತೂಕ ಒಂದು ಸಾವಿರ ಕಿಲೋಗ್ರಾಂ. ಅದನ್ನು ಒಂದು ಸಾವಿರ ಮೀಟರ್ ಎತ್ತರಕ್ಕೆ ಎತ್ತಲು ಬೇಕಾಗುವ ಶಕ್ತಿ ದ್ರವ್ಯರಾಶಿ, ಗುರುತ್ವ ಮತ್ತು ಎತ್ತರ ಇವುಗಳ ಗುಣಲಬ್ಧ. 1,000 ಗುಣಿಸು 9.8 ಗುಣಿಸು 1,000 ಎಂದರೆ 98 ಲಕ್ಷ ಜೂಲ್. ಒಂದು ಯೂನಿಟ್ ವಿದ್ಯುತ್ತು ಎಂದರೆ 36 ಲಕ್ಷ ಜೂಲ್. ಭಾಗಿಸಿದರೆ ಸುಮಾರು 2.7 ಯೂನಿಟ್ ಬರುತ್ತದೆ. ಪಂಪು, ಮೋಟಾರು, ಕೊಳವೆಗಳಲ್ಲಿ ನಷ್ಟವಾಗುವುದನ್ನು ಸೇರಿಸಿದರೆ ಸುಮಾರು 4 ಯೂನಿಟ್ ಆಗುತ್ತದೆ.

ಐದು ಜನರ ಸಂಸಾರವೊಂದು ತಲೆಗೆ ದಿನಕ್ಕೆ 135 ಲೀಟರಿನಂತೆ ನೀರು ಬಳಸಿದರೆ ತಿಂಗಳಿಗೆ ಸುಮಾರು 20 ಸಾವಿರ ಲೀಟರ್. ಅಂದರೆ ಆ ಮನೆಯ ನಲ್ಲಿಯಲ್ಲಿ ನೀರು ಬೀಳುವ ಮೊದಲೇ, ಸಾವಿರ ಮೀಟರ್ ಎತ್ತುವುದಕ್ಕೆಂದೇ ತಿಂಗಳಿಗೆ 80 ಯೂನಿಟ್ ವಿದ್ಯುತ್ತು ಖರ್ಚಾಗಿರುತ್ತದೆ. ಸಾಧಾರಣ ಮನೆಯೊಂದರ ದೀಪ, ಟೀವಿ, ಮಿಕ್ಸಿಗಳೆಲ್ಲ ಸೇರಿ ಉರಿಸುವಷ್ಟು ವಿದ್ಯುತ್ತು ಇದು. ಆದರೆ ಈ 80 ಯೂನಿಟ್ ಮನೆಯ ಮೀಟರಿನಲ್ಲಿ ಕಾಣುವುದಿಲ್ಲ. ಕಣಿವೆಯ ತಳದ ಪಂಪುಮನೆಯ ಮೀಟರಿನಲ್ಲಿ ಕಾಣುತ್ತದೆ. ಹೀಗಾಗಿ ಬೆಟ್ಟದೂರಿನಲ್ಲಿ ಸೋರುವ ನಲ್ಲಿಯೆಂದರೆ ಆರಿಸದೆ ಬಿಟ್ಟ ದೀಪವೂ ಹೌದು.

ಚಾವಣಿಯ ಲೆಕ್ಕ

ಕೆಳಗಿನಿಂದ ಇಷ್ಟು ಕಷ್ಟಪಟ್ಟು ಎತ್ತುವ ನೀರು ಮೇಲಿನಿಂದ ಪುಕ್ಕಟೆಯಾಗಿ ಬೀಳುತ್ತದೆಯಲ್ಲ, ಅದನ್ನೇಕೆ ಹಿಡಿಯಬಾರದು? ಹಿಮಾಚಲ ಪ್ರದೇಶದ ನಗರ ಮತ್ತು ಗ್ರಾಮಾಂತರ ಯೋಜನಾ ನಿಯಮಗಳು ಹೇಳುವುದೂ ಇದನ್ನೇ. ಹೊಸದಾಗಿ ಕಟ್ಟುವವರು ಚಾವಣಿಯ ಪ್ರತಿ ಚದರ ಮೀಟರಿಗೆ ಕಡೇಪಕ್ಷ 20 ಲೀಟರಿನಂತೆ ಮಳೆನೀರಿನ ತೊಟ್ಟಿ ಕಟ್ಟಿಸಬೇಕು. ಆ ನೀರನ್ನು ಶೌಚ, ಕೈತೋಟ ಮುಂತಾದ ಕೆಲಸಗಳಿಗೆ ಬಳಸಬೇಕು.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಈ ಸುಲಭ ಸೂತ್ರವನ್ನು ನೆನಪಿಟ್ಟರೆ ಮಳೆಕೊಯ್ಲಿನ ಎಲ್ಲ ಲೆಕ್ಕವನ್ನೂ ಬಾಯಲ್ಲೇ ಮಾಡಬಹುದು. 100 ಚದರ ಮೀಟರ್ ಚಾವಣಿಯ ಮೇಲೆ ಶಿಮ್ಲಾದಲ್ಲಿ ವರ್ಷಕ್ಕೆ ಬೀಳುವ ನೀರು ಒಂದೂವರೆ ಲಕ್ಷ ಲೀಟರ್. ಆರುವುದು, ಸಿಡಿಯುವುದು, ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವುದು ಇವೆಲ್ಲ ಕಳೆದು ನೂರಕ್ಕೆ 80ರಷ್ಟು ಸಿಕ್ಕಿದರೂ 1 ಲಕ್ಷದ 20 ಸಾವಿರ ಲೀಟರ್.

ನಿಯಮದ ಪ್ರಕಾರ ಇಷ್ಟು ದೊಡ್ಡ ಚಾವಣಿಗೆ ಬೇಕಾದ ತೊಟ್ಟಿ 2,000 ಲೀಟರಿನದು. ಒಂದು ಒಳ್ಳೆಯ ಮಳೆಗೆ ಅದು ತುಂಬಿಬಿಡುತ್ತದೆ. ಐದು ಜನರ ಮನೆಯಲ್ಲಿ ಶೌಚಕ್ಕೆ ದಿನಕ್ಕೆ ತಲಾ 45 ಲೀಟರ್ ಎಂದಿಟ್ಟುಕೊಂಡರೆ ಒಟ್ಟು 225 ಲೀಟರ್. ತುಂಬಿದ ತೊಟ್ಟಿ ಹೆಚ್ಚೆಂದರೆ ಒಂಬತ್ತು ದಿನ ಬರುತ್ತದೆ. ಒಂಬತ್ತೇ ದಿನವೇ ಎಂದು ಮೂಗು ಮುರಿಯಬೇಕಾಗಿಲ್ಲ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅದು ಮತ್ತೆ ಮತ್ತೆ ತುಂಬುತ್ತದೆ. 90 ದಿನಗಳಲ್ಲಿ 20 ಸಾವಿರ ಲೀಟರ್ ಉಳಿತಾಯ, ಹಿಂದಿನ ಲೆಕ್ಕದಂತೆ 80 ಯೂನಿಟ್ ವಿದ್ಯುತ್ತಿನ ಉಳಿತಾಯ. ಇಂಥ ಹತ್ತು ಸಾವಿರ ಮನೆಗಳಿದ್ದರೆ 8 ಲಕ್ಷ ಯೂನಿಟ್. ಹನಿಗೂಡಿದರೆ ಹಳ್ಳ.

ಮಳೆಗಾಲದಲ್ಲಿ ನೀರಿಗೇನು ಬರ ಎಂದು ಕೇಳಬಹುದು. ಶಿಮ್ಲಾದವರಿಗೆ ಇದರ ಉತ್ತರ ಗೊತ್ತು. ಜೋರು ಮಳೆಯಾದಾಗ ಕಣಿವೆಯ ಹೊಳೆಗಳು ಮಣ್ಣುಮಿಶ್ರಿತ ಕೆಂಪು ನೀರಾಗಿ ಹರಿಯುತ್ತವೆ. ಆಗ ಪಂಪುಗಳನ್ನು ನಿಲ್ಲಿಸಬೇಕಾಗುತ್ತದೆ. ಹೊರಗೆ ಧೋ ಎಂದು ಮಳೆ, ಮನೆಯೊಳಗೆ ನಲ್ಲಿ ಒಣಗಿರುತ್ತದೆ. ಅಂಥ ದಿನಗಳಲ್ಲಿ ಮನೆಯ ತೊಟ್ಟಿಯೇ ಆಪದ್ಬಾಂಧವ.

ಆದರೆ 2018ರಂಥ ಮೇ ತಿಂಗಳ ಬರವನ್ನು ಈ ಪುಟ್ಟ ತೊಟ್ಟಿ ತಡೆಯಲಾರದು ಎಂಬುದೂ ಅಷ್ಟೇ ನಿಜ. ಹಿಂದಿನ ಮಳೆಗಾಲದ ನೀರನ್ನು ಬೇಸಿಗೆಯವರೆಗೆ ಹಿಡಿದಿಡಲು 10 ಸಾವಿರ ಲೀಟರಿನ ತೊಟ್ಟಿ ಬೇಕು. ಶೌಚಕ್ಕೆ ಮಾತ್ರ ಬಳಸಿದರೆ ಅದು 44 ದಿನ ಬರುತ್ತದೆ. ನಿಯಮ ಹೇಳುವುದು ಕಡೇಪಕ್ಷದ ಅಳತೆಯನ್ನು. ಅದಕ್ಕಿಂತ ದೊಡ್ಡದನ್ನು ಕಟ್ಟಬೇಡಿರೆಂದು ಯಾವ ನಿಯಮವೂ ಹೇಳುವುದಿಲ್ಲ. ಪರೀಕ್ಷೆಯಲ್ಲಿ 35 ಅಂಕ ಪಾಸಿಗೆ ಸಾಕು ಎಂದಮಾತ್ರಕ್ಕೆ ಯಾವ ತಂದೆತಾಯಿಯೂ ಮಗುವಿಗೆ 35 ಸಾಕೆಂದು ಹೇಳುವುದಿಲ್ಲವಷ್ಟೆ?

ಇನ್ನೊಂದು ಸೂಕ್ಷ್ಮವೂ ಇದೆ. ಬೆಂಗಳೂರಿನಲ್ಲಿ 2009ರಲ್ಲಿ ಮಳೆಕೊಯ್ಲು ಕಡ್ಡಾಯವಾಯಿತು. ಅಲ್ಲಿ ಮನೆಯ ಪಕ್ಕದಲ್ಲೇ ಇಂಗುಗುಂಡಿ ತೋಡಿ ನೀರನ್ನು ನೆಲಕ್ಕೆ ಇಂಗಿಸಿದರೆ ಪುಣ್ಯದ ಕೆಲಸ. ಕಡಿದಾದ ಇಳಿಜಾರಿನಲ್ಲಿ ಅದನ್ನೇ ಕಣ್ಣು ಮುಚ್ಚಿ ಮಾಡಿದರೆ ಅಪಾಯ. ಪಾಯದ ಬಳಿ ಇಂಗಿದ ನೀರು ಮಣ್ಣಿನ ತೂಕವನ್ನು ಹೆಚ್ಚಿಸುತ್ತದೆ, ಕಣಗಳ ನಡುವಿನ ಹಿಡಿತವನ್ನು ಸಡಿಲಿಸುತ್ತದೆ. ಕೆಳಗಿನ ಮನೆಯ ಮೇಲೆ ಗುಡ್ಡ ಜಾರಲು ಇಷ್ಟು ಸಾಕು. ಆದ್ದರಿಂದ ಬೆಟ್ಟದಲ್ಲಿ ಮೊದಲ ಸ್ಥಾನ ತೊಟ್ಟಿಗೆ. ಹೆಚ್ಚಾದ ನೀರನ್ನು ಚರಂಡಿಯಲ್ಲಿ ಭದ್ರವಾಗಿ ಕೆಳಗಿಳಿಸಬೇಕು. ಇಂಗಿಸುವುದಾದರೆ ಇಳಿಜಾರು ಕಡಿಮೆಯಿರುವ, ಭೂವಿಜ್ಞಾನ ಬಲ್ಲವರು ಒಪ್ಪಿದ ಜಾಗದಲ್ಲಿ ಮಾತ್ರ.

ಮೇಲಿನವರು ಬಿಟ್ಟ ನೀರು ಕೆಳಗಿನವರಿಗೆ ಏನಾಗುತ್ತದೆ ಎಂಬುದಕ್ಕೆ ಶಿಮ್ಲಾದಲ್ಲೇ ಕಹಿ ನಿದರ್ಶನವಿದೆ. 2015-16ರ ಚಳಿಗಾಲದಲ್ಲಿ ಅಶ್ವನಿ ಖಡ್ ಎಂಬ ಹೊಳೆಗೆ ಸರಿಯಾಗಿ ಶುದ್ಧವಾಗದ ಕೊಳಚೆ ನೀರು ಸೇರಿತು. ಅದೇ ಹೊಳೆಯಿಂದ ಊರಿಗೆ ಕುಡಿಯುವ ನೀರು ಬರುತ್ತಿತ್ತು. ಕಾಮಾಲೆ ಹರಡಿ ನೂರಾರು ಜನ ಮಲಗಿದರು, ಸಾವುಗಳೂ ಆದವು. ಆ ಹೊಳೆಯ ಪಂಪುಗಳನ್ನು ನಿಲ್ಲಿಸಬೇಕಾಯಿತು. ಎರಡೇ ವರ್ಷಗಳ ನಂತರ ಬರ ಬಂದಾಗ ಆ ಒಂದು ಜಲಮೂಲದ ಕೊರತೆ ಊರನ್ನು ಕಾಡಿತು. ಊರು ಕೆಳಗೆ ಬಿಟ್ಟ ಕೊಳಕನ್ನೇ ಮೇಲಕ್ಕೆ ಎತ್ತಿ ಕುಡಿದಂತಾಗಿತ್ತು.

ಬಿಸಿಲಿನ ಕೋನ

ನೀರಿನ ಕಥೆ ಹೀಗಾದರೆ ಬಿಸಿಲಿನ ಕಥೆ ಇನ್ನೊಂದು ಬಗೆಯದು. ಬಯಲುಸೀಮೆಯವರಿಗೆ ಬಿಸಿಲೆಂದರೆ ತಪ್ಪಿಸಿಕೊಳ್ಳಬೇಕಾದ ವಸ್ತು. ಶಿಮ್ಲಾದಂಥ ಊರಿನಲ್ಲಿ ಡಿಸೆಂಬರ್, ಜನವರಿಯ ಬಿಸಿಲು ಎಂದರೆ ಉಚಿತ ಸೌದೆ.

ಶಿಮ್ಲಾ ಇರುವುದು ಸುಮಾರು 31 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯ ವಾರದ ಮಧ್ಯಾಹ್ನ ಸೂರ್ಯ ದಕ್ಷಿಣ ದಿಗಂತದಿಂದ ಎಷ್ಟು ಮೇಲಿರುತ್ತಾನೆ? 90ರಿಂದ ಅಕ್ಷಾಂಶವನ್ನೂ 23.5 ಡಿಗ್ರಿಯನ್ನೂ ಕಳೆಯಬೇಕು. ಬರುವ ಉತ್ತರ ಸುಮಾರು 35 ಡಿಗ್ರಿ. ಜೂನ್ ತಿಂಗಳಲ್ಲಾದರೆ 23.5ನ್ನು ಕೂಡಬೇಕು. ಆಗ ಸುಮಾರು 82 ಡಿಗ್ರಿ, ಅಂದರೆ ಬಹುತೇಕ ನೆತ್ತಿಯ ಮೇಲೆ.

35 ಡಿಗ್ರಿ ಎಂದರೆ ಬಹಳ ತಗ್ಗು. 10 ಮೀಟರ್ ಎತ್ತರದ ಮನೆಯ ನೆರಳು ಸಮತಟ್ಟು ನೆಲದಲ್ಲಿ ಉತ್ತರಕ್ಕೆ 14 ಮೀಟರ್ ಚಾಚುತ್ತದೆ. ಆದರೆ ಬೆಟ್ಟದಲ್ಲಿ ಸಮತಟ್ಟು ನೆಲ ಎಲ್ಲಿದೆ? ದಕ್ಷಿಣಕ್ಕೆ ಮುಖ ಮಾಡಿದ 20 ಡಿಗ್ರಿ ಇಳಿಜಾರಿನಲ್ಲಿ ಮನೆಯ ಹಿಂದಿನ ನೆಲ ಮೇಲೇರುವುದರಿಂದ ಅದೇ ನೆರಳು 9 ಮೀಟರಿಗೆ ಮುಗಿಯುತ್ತದೆ. ಉತ್ತರಕ್ಕೆ ಮುಖ ಮಾಡಿದ ಅಷ್ಟೇ ಇಳಿಜಾರಿನಲ್ಲಿ ನೆರಳು ಕೆಳಕ್ಕೆ ಜಾರುತ್ತಾ ಸುಮಾರು 29 ಮೀಟರ್ ಹೋಗುತ್ತದೆ. ಅದೇ ಜಾಗದಲ್ಲಿ ಐದಂತಸ್ತು ಏರಿಸಿ 16 ಮೀಟರ್ ಎತ್ತರ ಮಾಡಿದರೆ ನೆರಳು 46 ಮೀಟರ್. ಅಷ್ಟು ದೂರದೊಳಗೆ ಎಷ್ಟು ಸಂಸಾರಗಳಿವೆಯೋ ಅಷ್ಟಕ್ಕೂ ಚಳಿಗಾಲದ ನಡುಹಗಲಿನ ಬಿಸಿಲು ತಪ್ಪಿದಂತೆಯೇ.

ಇದರ ಬೆಲೆ ಎಷ್ಟು? ಚಳಿಗಾಲದ ನಿಚ್ಚಳ ಮಧ್ಯಾಹ್ನ ದಕ್ಷಿಣದ ಕಿಟಕಿಯ ಒಂದು ಚದರ ಮೀಟರ್ ಗಾಜಿನಿಂದ ಸುಮಾರು ಅರ್ಧ ಕಿಲೋವಾಟ್ ಶಾಖ ಒಳಗೆ ಬರುತ್ತದೆ. ಎರಡು ಚದರ ಮೀಟರಿನ ಕಿಟಕಿ ಎಂದರೆ ಒಂದು ಕಿಲೋವಾಟಿನ ಹೀಟರ್ ಹಚ್ಚಿಟ್ಟಂತೆ. ಮುಂದಿನ ಮನೆ ನಾಲ್ಕು ಗಂಟೆಯ ಬಿಸಿಲನ್ನು ಮರೆ ಮಾಡಿದರೆ ಹಿಂದಿನ ಮನೆಯವರು ದಿನಕ್ಕೆ 4 ಯೂನಿಟ್ ಹೀಟರಿಗೆ ಖರ್ಚು ಮಾಡಬೇಕು, ಇಲ್ಲವೇ ಚಳಿಯಲ್ಲಿ ನಡುಗಬೇಕು. ಎತ್ತರದ ಮಿತಿ, ಎರಡು ಮನೆಗಳ ನಡುವೆ ಇಷ್ಟು ಜಾಗ ಬಿಡಬೇಕೆಂಬ ನಿಯಮ ಇವುಗಳ ಒಳಗೆ ಇರುವುದು ಈ ಲೆಕ್ಕವೇ.

45 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಕಟ್ಟಬಾರದೆಂಬ ನಿಯಮವೂ ಹಿಮಾಚಲದಲ್ಲಿದೆ. ಅದು ಮುಖ್ಯವಾಗಿ ಗುಡ್ಡ ಕುಸಿತ, ಭೂಕಂಪಗಳ ಭಯದಿಂದ ಮಾಡಿದ್ದು. ಆದರೆ ಬಿಸಿಲಿನ ದೃಷ್ಟಿಯಿಂದಲೂ ಅದು ಸರಿಯೇ. ಉತ್ತರಕ್ಕೆ ಮುಖವಿರುವ ಇಳಿಜಾರು 35 ಡಿಗ್ರಿ ದಾಟಿದರೆ ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ನೇರ ಬಿಸಿಲು ಅಲ್ಲಿನ ನೆಲವನ್ನು ಮುಟ್ಟುವುದಿಲ್ಲ.

ಯಂತ್ರವಿಲ್ಲದ ಹೀಟರ್

ಬಂದ ಬಿಸಿಲನ್ನು ಮನೆಯೊಳಗೆ ಹಿಡಿದಿಡುವುದು ಹೇಗೆ? ಇದಕ್ಕೆ ಮೋಟಾರು ಬೇಡ, ತಂತಿ ಬೇಡ. ಗಾಜು, ಗೋಡೆ ಮತ್ತು ದಿಕ್ಕಿನ ಜ್ಞಾನ ಸಾಕು. ಎಂಜಿನಿಯರುಗಳು ಇದನ್ನು ಪ್ಯಾಸಿವ್ ಸೋಲಾರ್ ವಿನ್ಯಾಸ ಎನ್ನುತ್ತಾರೆ.

ಮೊದಲನೆಯದು ಕಿಟಕಿಯ ಮೇಲಿನ ಸಜ್ಜಾ. ದಕ್ಷಿಣದ ಕಿಟಕಿಯ ಮೇಲೆ ಅರ್ಧ ಮೀಟರ್ ಸಜ್ಜಾ ಇದೆ ಎನ್ನೋಣ. ಜೂನ್ ಮಧ್ಯಾಹ್ನದ 82 ಡಿಗ್ರಿ ಬಿಸಿಲಿನಲ್ಲಿ ಅದರ ನೆರಳು ಮೂರೂವರೆ ಮೀಟರಿಗಿಂತ ಕೆಳಗಿನವರೆಗೆ ಬೀಳುತ್ತದೆ, ಇಡೀ ಕಿಟಕಿ ತಂಪು. ಡಿಸೆಂಬರಿನ 35 ಡಿಗ್ರಿಯಲ್ಲಿ ನೆರಳು ಕೇವಲ 35 ಸೆಂಟಿಮೀಟರ್, ಕಿಟಕಿಯ ಬಹುಪಾಲಿಗೆ ಬಿಸಿಲು. ಒಂದೇ ಸಜ್ಜಾ ಬೇಸಿಗೆಯಲ್ಲಿ ಬಾಗಿಲು ಮುಚ್ಚಿ ಚಳಿಗಾಲದಲ್ಲಿ ತೆರೆಯುವ ಕಾವಲುಗಾರನಂತೆ ಕೆಲಸ ಮಾಡುತ್ತದೆ!

ಎರಡನೆಯದು ಗಾಜಿನ ಗುಣ. ಬಿಸಿಲಿನ ಕಿರುತರಂಗಗಳನ್ನು ಗಾಜು ಒಳಗೆ ಬಿಡುತ್ತದೆ. ಒಳಗಿನ ಗೋಡೆ, ನೆಲ ಕಾದು ಹೊರಸೂಸುವ ದೀರ್ಘತರಂಗಗಳನ್ನು ಹೊರಗೆ ಬಿಡುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರು ಒಲೆಯಂತಾಗುವುದು ಇದರಿಂದಲೇ. ದಕ್ಷಿಣಕ್ಕೆ ಗಾಜಿನ ಮೊಗಸಾಲೆ ಕಟ್ಟಿದರೆ ಹಗಲಿನ ಶಾಖ ಪಕ್ಕದ ಕೋಣೆಗಳಿಗೂ ಹರಿಯುತ್ತದೆ. ಎರಡು ಪದರದ ಗಾಜು ಹಾಕಿದರೆ ನಡುವೆ ಸಿಕ್ಕಿಕೊಂಡ ಗಾಳಿ ಕಂಬಳಿಯ ಕೆಲಸ ಮಾಡುತ್ತದೆ.

ಮೂರನೆಯದು ದಪ್ಪ ಗೋಡೆ. ದಕ್ಷಿಣದ ಗೋಡೆಗೆ ಕಪ್ಪು ಬಣ್ಣ ಬಳಿದು, ಅದರ ಮುಂದೆ ಅಂಗೈ ಅಗಲದ ಜಾಗ ಬಿಟ್ಟು ಗಾಜು ಹಾಕುತ್ತಾರೆ. ಗೋಡೆಯ ಕೆಳಗೂ ಮೇಲೂ ಕಿಂಡಿಗಳಿರುತ್ತವೆ. ನಡುವಿನ ಗಾಳಿ ಕಾದು ಮೇಲಿನ ಕಿಂಡಿಯಿಂದ ಕೋಣೆಗೆ ಬರುತ್ತದೆ, ಕೋಣೆಯ ತಣ್ಣನೆ ಗಾಳಿ ಕೆಳಗಿನ ಕಿಂಡಿಯಿಂದ ಹೊರಟು ಮತ್ತೆ ಕಾಯುತ್ತದೆ. ರಾತ್ರಿ ಕಿಂಡಿ ಮುಚ್ಚಿದರಾಯಿತು. ಹಗಲೆಲ್ಲ ಕಾದ ಗೋಡೆ ರಾತ್ರಿ ನಿಧಾನವಾಗಿ ಶಾಖವನ್ನು ಒಳಕ್ಕೆ ಬಿಡುತ್ತದೆ. ಫ್ರಾನ್ಸಿನ ಎಂಜಿನಿಯರ್ ಫೆಲಿಕ್ಸ್ ಟ್ರೋಂಬ್ ಅವರಿಂದ ಪ್ರಸಿದ್ಧವಾದ ಈ ಗೋಡೆಯನ್ನು ಲಡಾಖಿನ ಲೇಹ್ ಊರಿನಲ್ಲೂ ಬಳಸಿದ್ದಾರೆ.

ಹಿಮಾಚಲ ಪ್ರದೇಶ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವೇನಲ್ಲ. ಅಲ್ಲಿನ ಸರ್ಕಾರ 1990ರ ದಶಕದಲ್ಲಿಯೇ ಚಳಿ ಪ್ರದೇಶಗಳ ಸರ್ಕಾರಿ ಕಟ್ಟಡಗಳನ್ನು ಈ ತತ್ವದ ಮೇಲೆ ಕಟ್ಟಬೇಕೆಂದು ನಿರ್ಧರಿಸಿತು. ಶಿಮ್ಲಾದ ರಾಜ್ಯ ಸಹಕಾರಿ ಬ್ಯಾಂಕಿನ ಕಟ್ಟಡ ಮತ್ತು ಇಂಧನ ಅಭಿವೃದ್ಧಿ ಸಂಸ್ಥೆ ಹಿಮುರ್ಜಾದ ಕಚೇರಿ ಇದಕ್ಕೆ ಮಾದರಿಗಳಾದವು. ಮುಂದೆ ಆಸ್ಪತ್ರೆ, ಶಾಲೆ, ಹೋಟೆಲು ಮುಂತಾದ ಕಟ್ಟಡಗಳ ನಕ್ಷೆಯಲ್ಲಿ ಸೌರ ವಿನ್ಯಾಸದ ವಿವರ ಕೊಡಬೇಕೆಂಬುದು ಯೋಜನಾ ನಿಯಮಗಳಿಗೆ ಸೇರಿತು.

ಇದು ಆ ನಾಡಿನ ಹಿರಿಯರಿಗೆ ಹೊಸ ವಿದ್ಯೆಯೂ ಅಲ್ಲ. ಹಳೆಯ ಕಾಠ್‌ಕುಣಿ ಮನೆಗಳನ್ನು ನೋಡಬೇಕು. ಒಂದು ಸಾಲು ಕಲ್ಲು, ಒಂದು ಸಾಲು ದೇವದಾರು ಮರದ ತೊಲೆ, ನಡುವೆ ಗಾರೆಯಿಲ್ಲ. ಗೋಡೆ ದಪ್ಪ, ಕಿಟಕಿ ಚಿಕ್ಕದು. ನೆಲಮಟ್ಟದಲ್ಲಿ ದನಕರುಗಳು, ಮೇಲಂತಸ್ತಿನಲ್ಲಿ ಜನ. ದನಗಳ ಮೈಶಾಖವೂ ಮೇಲಿನ ಕೋಣೆಯನ್ನು ಬೆಚ್ಚಗಿಡುತ್ತಿತ್ತು. ಭೂಮಿ ನಡುಗಿದರೆ ಮರದ ತೊಲೆಗಳು ತುಸು ಅಲುಗಿ ಆ ಪೆಟ್ಟನ್ನು ನುಂಗುತ್ತಿದ್ದವು. ಅಂಥ ಮನೆಯ ಪಕ್ಕದಲ್ಲೇ ಇಂದು ತೆಳ್ಳನೆಯ ಕಾಂಕ್ರೀಟ್ ಕಟ್ಟಡ ಎದ್ದು, ಬೇಸಿಗೆಯಲ್ಲಿ ಫ್ಯಾನೂ ಚಳಿಗಾಲದಲ್ಲಿ ಹೀಟರೂ ಬೇಡುತ್ತದೆ.

ಕಾಗದದಿಂದ ಗೋಡೆಗೆ

ಇಷ್ಟೆಲ್ಲ ನಿಯಮಗಳಿದ್ದೂ ಏಕೆ ಹೀಗಾಯಿತು? ಶಿಮ್ಲಾದ ಮಧ್ಯಂತರ ಅಭಿವೃದ್ಧಿ ಯೋಜನೆ 1979ರಲ್ಲಿ ಬಂತು. ಹೆಸರೇ ಹೇಳುವಂತೆ ಅದು ತಾತ್ಕಾಲಿಕ. ಆದರೆ ನಾಲ್ಕು ದಶಕ ಅದೇ ನಡೆಯಿತು. ಅಷ್ಟರಲ್ಲಿ ಮಂಜೂರಾದ ನಕ್ಷೆಯನ್ನು ಮೀರಿದ ಅಂತಸ್ತುಗಳು ಎದ್ದವು. ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳಬಹುದೆಂಬ ಆಸೆಯೂ ಬೆಳೆಯಿತು. 2000ನೇ ಇಸವಿಯಲ್ಲಿ ನಗರದ 17 ಹಸಿರು ಪಟ್ಟಿಗಳಲ್ಲಿ ಕಟ್ಟುವುದನ್ನು ನಿಷೇಧಿಸಿದರು. 2017ರ ನವೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಊರಿನ ತಿರುಳು ಭಾಗದಲ್ಲೂ ಹಸಿರು ಪ್ರದೇಶದಲ್ಲೂ ಹೊಸ ಕಟ್ಟಡ ಬೇಡ, ಉಳಿದ ಕಡೆ ಎರಡು ಅಂತಸ್ತು ಮತ್ತು ಅಟ್ಟ ಮಾತ್ರ ಎಂದು ಆದೇಶಿಸಿತು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಬದಿಗಿರಿಸಿ, 2041ನೇ ಇಸವಿಯವರೆಗಿನ ಹೊಸ ಅಭಿವೃದ್ಧಿ ಯೋಜನೆಯಂತೆ ನಡೆಯಲು ಸರ್ಕಾರಕ್ಕೆ ಅವಕಾಶ ಕೊಟ್ಟಿತು.

ಮನೆ ಕಟ್ಟುವವನ ಕಷ್ಟವನ್ನೂ ಅಲ್ಲಗಳೆಯುವಂತಿಲ್ಲ. ಬೆಟ್ಟದಲ್ಲಿ ನಿವೇಶನ ಸಿಗುವುದೇ ದುರ್ಲಭ. ಜೀವಮಾನದ ಉಳಿತಾಯ ಹಾಕಿ ಅಂಗೈಯಗಲ ಜಾಗ ಕೊಂಡವನಿಗೆ ಮಗನಿಗೊಂದು ಅಂತಸ್ತು, ಬಾಡಿಗೆಗೊಂದು ಅಂತಸ್ತು ಏರಿಸುವ ಆಸೆ ಸಹಜ. ದಪ್ಪ ಗೋಡೆಗೆ, ಜೋಡಿ ಗಾಜಿಗೆ, ತೊಟ್ಟಿಗೆ ಹಣ ಬೇಕು. ಖರ್ಚು ಈ ದಿನದ್ದು, ಉಳಿತಾಯ ಮುಂದಿನ ಮೂವತ್ತು ವರ್ಷದ್ದು. ಅದೂ ಅರ್ಧ ಉಳಿತಾಯ ನೆರೆಯವರಿಗೆ ಸೇರುತ್ತದೆ. ಇಂಥ ಕಡೆಯೇ ನಿಯಮ ಬೇಕಾಗುವುದು. ಒಬ್ಬನೇ ಪಾಲಿಸಿದರೆ ನಷ್ಟ, ಎಲ್ಲರೂ ಪಾಲಿಸಿದರೆ ಲಾಭ ಎನ್ನುವಂಥ ಕೆಲಸಗಳನ್ನು ಒಳ್ಳೆಯತನಕ್ಕೆ ಮಾತ್ರ ಬಿಟ್ಟರೆ ಆಗುವುದಿಲ್ಲ.

ಕೇಂದ್ರ ಸರ್ಕಾರ 2001ರಲ್ಲಿ ಇಂಧನ ಸಂರಕ್ಷಣಾ ಕಾಯಿದೆಯನ್ನು ತಂದಿತು. ಅದರಡಿ 2007ರಲ್ಲಿ ಕಟ್ಟಡ ಸಂಹಿತೆ ಬಂತು. ಅದು ದೇಶವನ್ನು ಐದು ಹವಾಮಾನ ವಲಯಗಳಾಗಿ ವಿಂಗಡಿಸಿತು. ಶಿಮ್ಲಾ ಶೀತ ವಲಯದಲ್ಲಿದ್ದರೆ ಬೆಂಗಳೂರು ಸಮಶೀತೋಷ್ಣ ವಲಯದಲ್ಲಿದೆ. ಆದರೆ ಆ ಸಂಹಿತೆ 100 ಕಿಲೋವಾಟ್ ಅಥವಾ ಅದಕ್ಕೂ ಹೆಚ್ಚಿನ ವಿದ್ಯುತ್ ಸಂಪರ್ಕವಿರುವ ದೊಡ್ಡ ವಾಣಿಜ್ಯ ಕಟ್ಟಡಗಳಿಗೆಂದು ಬರೆದದ್ದು. ಬೆಟ್ಟದೂರಿನ ಸಣ್ಣ ಮನೆ, ಸಣ್ಣ ವಸತಿಗೃಹ ಅದರ ಬಲೆಗೆ ಬೀಳಲೇ ಇಲ್ಲ. 2018ರ ಡಿಸೆಂಬರಿನಲ್ಲಿ ಮನೆಗಳಿಗಾಗಿ 'ಇಕೋ ನಿವಾಸ್ ಸಂಹಿತೆ' ಬಂತು. 2022ರ ತಿದ್ದುಪಡಿ ವಸತಿ ಕಟ್ಟಡಗಳನ್ನೂ ಕಾಯಿದೆಯೊಳಗೆ ತರಲು ದಾರಿ ಮಾಡಿತು. ಇವನ್ನು ತಮ್ಮ ತಮ್ಮ ಕಟ್ಟಡ ನಿಯಮಗಳಿಗೆ ಸೇರಿಸಿ ಜಾರಿ ಮಾಡಬೇಕಾದವರು ರಾಜ್ಯಗಳು ಮತ್ತು ಊರಿನ ಆಡಳಿತಗಳು. ನಕ್ಷೆಯಲ್ಲಿ ತೊಟ್ಟಿ ಇದೆಯೇ ಎಂದು ನೋಡಿ ಮೊಹರು ಒತ್ತುವುದು ಸುಲಭ. ಮನೆ ಮುಗಿದ ಮೇಲೆ ಆ ತೊಟ್ಟಿಗೆ ಚಾವಣಿಯ ದೋಣಿಯಿಂದ ಪೈಪು ಬಂದಿದೆಯೇ ಎಂದು ಹೋಗಿ ನೋಡುವುದು ಕಷ್ಟ. ನಿಯಮದ ಜೀವವಿರುವುದು ಈ ಎರಡನೆಯ ಕೆಲಸದಲ್ಲಿ.

ಪಾಲಿಸದಿದ್ದರೆ ಏನಾಗುತ್ತದೆ ಎಂಬುದನ್ನು 2023ರ ಆಗಸ್ಟ್ ತೋರಿಸಿತು. ಬಿಡದೆ ಸುರಿದ ಮಳೆಗೆ ಶಿಮ್ಲಾದ ಇಳಿಜಾರುಗಳು ಜಾರಿದವು. ಸಮ್ಮರ್ ಹಿಲ್‌ನ ಶಿವ ದೇವಾಲಯದ ಮೇಲೆ ಗುಡ್ಡ ಕುಸಿದು 20 ಜನ ಪ್ರಾಣ ಬಿಟ್ಟರು. ಮರುದಿನ ಕೃಷ್ಣನಗರದಲ್ಲಿ ಮನೆಗಳು ಕುಸಿದವು. ಮಳೆಯನ್ನು ತಡೆಯುವುದು ಮನುಷ್ಯನ ಕೈಯಲ್ಲಿಲ್ಲ. ಆದರೆ ಬಿದ್ದ ನೀರು ಎಲ್ಲಿಗೆ ಹೋಗಬೇಕು, ಇಳಿಜಾರು ಎಷ್ಟು ಭಾರ ಹೊರಬೇಕು ಎಂಬುದು ಬಹುಮಟ್ಟಿಗೆ ಕಟ್ಟುವವನ ಕೈಯಲ್ಲಿದೆ.

ನಮ್ಮ ಮಡಿಕೇರಿಗೆ ಯಾವ ಪಾಠ?

ಶಿಮ್ಲಾದಲ್ಲಿ ನೀರಿಲ್ಲದೆ ಶಾಲೆ ಮುಚ್ಚಿದ ಅದೇ 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಮಳೆಗೆ ಗುಡ್ಡಗಳು ಕುಸಿದು ಮನೆ, ತೋಟ, ರಸ್ತೆಗಳು ಹೋದವು. ಒಂದು ಬೆಟ್ಟದೂರಿಗೆ ನೀರಿಲ್ಲದ ಸಂಕಟ, ಇನ್ನೊಂದಕ್ಕೆ ನೀರೇ ಸಂಕಟ. ಇಳಿಜಾರನ್ನು ಕಡಿದು ಮಟ್ಟ ಮಾಡಿದ್ದು ಕೊಡಗಿನ ಕುಸಿತಗಳಿಗೆ ಒಂದು ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು.

ಹಾಗೆಂದು ಶಿಮ್ಲಾದ ನಿಯಮವನ್ನು ಮಡಿಕೇರಿಗೆ ನಕಲು ಮಾಡಿದರೆ ಪ್ರಯೋಜನವಿಲ್ಲ. ಮಡಿಕೇರಿ ಇರುವುದು ಸುಮಾರು 12.4 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರಿನಲ್ಲೂ ಮಧ್ಯಾಹ್ನದ ಸೂರ್ಯ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಅಲ್ಲಿ ಕಪ್ಪು ಗೋಡೆ, ಗಾಜಿನ ಮೊಗಸಾಲೆ ಬೇಡ. ಜೂನ್ ತಿಂಗಳಲ್ಲಿ ಸೂರ್ಯ ನೆತ್ತಿಯನ್ನು ದಾಟಿ 11 ಡಿಗ್ರಿ ಉತ್ತರಕ್ಕೆ ಹೋಗುವುದರಿಂದ ಉತ್ತರದ ಕಿಟಕಿಗೂ ಸಜ್ಜಾ ಬೇಕು. ಆ ಸಜ್ಜಾಕ್ಕೆ ಬಿಸಿಲಿಗಿಂತ ಮಳೆಯ ಎರಚಲನ್ನು ತಡೆಯುವುದೇ ದೊಡ್ಡ ಕೆಲಸ. ಕಲಿಯಬೇಕಾದದ್ದು ಗೋಡೆಯ ಅಳತೆಯನ್ನಲ್ಲ, ಯೋಚಿಸುವ ಕ್ರಮವನ್ನು. ಆಯಾ ಊರಿನ ಅಕ್ಷಾಂಶ, ಇಳಿಜಾರು, ಮಳೆ, ಮಣ್ಣು ನೋಡಿ ಅಲ್ಲಿಗೆ ತಕ್ಕ ನಿಯಮ ಮಾಡಬೇಕು, ಮಾಡಿದ್ದನ್ನು ಪಾಲಿಸಬೇಕು.

ವಿದ್ಯಾರ್ಥಿಗಳು ಇದನ್ನು ತಮ್ಮ ಮನೆಯಲ್ಲೇ ಮಾಡಿ ನೋಡಬಹುದು. ಡಿಸೆಂಬರ್ ರಜೆಯಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ ನಡುಮಧ್ಯಾಹ್ನದ ನೆರಳನ್ನು ಅಳೆಯಿರಿ. ಕೋಲಿನ ಉದ್ದವನ್ನು ನೆರಳಿನ ಉದ್ದದಿಂದ ಭಾಗಿಸಿದರೆ ಸೂರ್ಯನ ಕೋನದ ಸ್ಪರ್ಶಕ, ಅಂದರೆ ಟ್ಯಾನ್ ಬೆಲೆ ಸಿಗುತ್ತದೆ. ನಿಮ್ಮ ಮನೆಯ ನೆರಳು ಯಾರ ಅಂಗಳಕ್ಕೆ ಬೀಳುತ್ತದೆಂದು ಲೆಕ್ಕ ಹಾಕಿ. ಚಾವಣಿಯ ಉದ್ದ ಅಗಲ ಅಳೆದು, ನಿಮ್ಮೂರಿನ ಮಳೆಯಿಂದ ಗುಣಿಸಿ, ಎಷ್ಟು ಲೀಟರ್ ಚರಂಡಿಗೆ ಹೋಗುತ್ತಿದೆಯೆಂದು ನೋಡಿ. ಮನೆ ಕಟ್ಟಿಸುತ್ತಿರುವ ತಂದೆತಾಯಿಗಳು ನಕ್ಷೆ ಹಾಕುವವರನ್ನು ಎರಡು ಪ್ರಶ್ನೆ ಕೇಳಲಿ. ನಮ್ಮ ಚಾವಣಿಯ ನೀರು ಎಲ್ಲಿಗೆ ಹೋಗುತ್ತದೆ? ನಮ್ಮ ಗೋಡೆಯ ನೆರಳು ಯಾರ ಮೇಲೆ ಬೀಳುತ್ತದೆ?

ಈ ಎರಡು ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ಸಿಕ್ಕರೆ ಕಟ್ಟಡ ನಿಯಮದ ಮುಕ್ಕಾಲು ಪಾಲನ್ನು ಪಾಲಿಸಿದಂತೆಯೇ. ಬೆಟ್ಟದಲ್ಲಿ ಯಾರ ಮನೆಯೂ ಒಂಟಿಯಲ್ಲ. ಪ್ರತಿ ಮನೆಯ ಮೇಲೂ ಒಂದು ಮನೆ, ಕೆಳಗೂ ಒಂದು ಮನೆ ಇದ್ದೇ ಇರುತ್ತದೆ.